ಮನೆ ದಾರಿಯ ಮೋರಿ: ಪೈಪು ಆರಿಸಿದ್ದು, ಹೂಳಿದ್ದು, ಮಳೆಗೆ ಒಡ್ಡಿದ್ದು

ಕಳೆದ ವರ್ಷ ಪುಷ್ಯ ಮಳೆ ಬಿಡುವಿಲ್ಲದೆ ಸುರಿಯುತ್ತಿದ್ದಾಗ, ಹಿಂಡಿ ಚೀಲ ಇಳಿಸಿ ಹಿಂದಿರುಗುತ್ತಿದ್ದ ಲಾರಿಯ ಹಿಂದಿನ ಎಡಚಕ್ರ ನಮ್ಮ ಮನೆ ದಾರಿಯ ಮೋರಿಯ ಮೇಲೆ ಅಚ್ಚಿನವರೆಗೂ ಹೂತುಹೋಯಿತು. ಲಾರಿ ಖಾಲಿಯಾಗಿತ್ತು. ಅದೇ ಲಾರಿ ತುಂಬಿದ ಹೊರೆಯೊಂದಿಗೆ ಅರ್ಧ ಗಂಟೆ ಮೊದಲು ಅದೇ ಜಾಗವನ್ನು ದಾಟಿ ಬಂದಿತ್ತು, ಆಗ ಏನೂ ಆಗಿರಲಿಲ್ಲ. ಯಾರಿಗೂ ಪೆಟ್ಟಾಗಲಿಲ್ಲ ಎನ್ನುವುದು ದೊಡ್ಡ ಸಮಾಧಾನ. ಆದರೆ ಆ ಗುಂಡಿಯೊಳಗೆ ಟಾರ್ಚ್ ಬಿಟ್ಟು ನೋಡಿದಾಗ ಕಂಡದ್ದನ್ನು ನಾನು ಮರೆಯಲಾರೆ. ಪೈಪು ಒಡೆದಿರಲಿಲ್ಲ. ಪೈಪಿನ ಕೆಳಗೆ ಮಣ್ಣೇ ಇರಲಿಲ್ಲ.

ನಮ್ಮ ಮನೆ ಇರುವುದು ತೀರ್ಥಹಳ್ಳಿಯಿಂದ ಆಗುಂಬೆಯ ಕಡೆಗೆ ಹೋಗುವಾಗ ಸಿಗುವ ಒಂದು ಇಳಿಜಾರಿನಲ್ಲಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ನಮ್ಮಲ್ಲಿ ಅಷ್ಟಿಲ್ಲದಿದ್ದರೂ ಆರಿದ್ರಾದಿಂದ ಆಶ್ಲೇಷದವರೆಗೆ ನೆಲ ಒಣಗುವುದನ್ನು ಯಾರೂ ಕಂಡಿಲ್ಲ. ಮನೆಯ ಹಿಂದೆ ಗುಡ್ಡ, ಗುಡ್ಡದ ಬುಡಕ್ಕೆ ಧರೆ (ಕಡಿದ ಮಣ್ಣಿನ ಗೋಡೆ), ಧರೆಯ ಕೆಳಗೆ ಚರಂಡಿ. ಆ ಚರಂಡಿಯ ನೀರು ದಾರಿಯ ಅಡಿಯಿಂದ ಮೋರಿಯಲ್ಲಿ ಹಾದು, ಕೆಳಗಿನ ಅಡಕೆ ತೋಟದ ಅಂಚಿನಲ್ಲಿ ಇಳಿದು, ಹಳ್ಳ ಸೇರಬೇಕು. ಅಪ್ಪಯ್ಯ ಇಪ್ಪತ್ತು ವರ್ಷಗಳ ಹಿಂದೆ ಇಲ್ಲಿ ಮೂರು ಹ್ಯೂಮ್ ಪೈಪು, ಅಂದರೆ ಕಾಂಕ್ರೀಟ್ ಪೈಪು, ಹಾಕಿಸಿದ್ದರು. ಅದಕ್ಕೂ ಮೊದಲು ಕಲ್ಲು ಚಪ್ಪಡಿಯ ಸಣ್ಣ ಮೋರಿಯಿತ್ತು, ಎತ್ತಿನ ಗಾಡಿಗೆ ಸಾಕಾಗುವಷ್ಟು ಅಗಲದ್ದು.

ಮಳೆಗಾಲ ಮುಗಿಯುವವರೆಗೆ ಗುಂಡಿಗೆ ಕಾಡುಗಲ್ಲು ತುಂಬಿ, ಮೇಲೆ ಮರದ ದಿಮ್ಮಿ ಹಾಸಿ ಹೇಗೋ ದಾರಿ ಉಳಿಸಿಕೊಂಡೆವು. ಅಡಕೆ ಕೊಯ್ಲು ಮುಗಿದ ಮೇಲೆ, ಮಾರ್ಚ್ ತಿಂಗಳಲ್ಲಿ, ಅಗೆಯಲು ಶುರುಮಾಡಿದೆವು.

ಹಳೆಯದನ್ನು ಅಗೆದಾಗ

ಜೆಸಿಬಿಯ ಬಕೆಟ್ಟಿನಿಂದ ಮೇಲ್ಮಣ್ಣನ್ನಷ್ಟೇ ತೆಗೆಸಿ ಉಳಿದದ್ದನ್ನು ಹಾರೆ, ಗುದ್ದಲಿಯಿಂದ ಬಿಡಿಸಿದೆವು. ಕುಸಿತಕ್ಕೆ ಕಾರಣ ಏನೆಂದು ನೋಡದೆ ಹೊಸ ಪೈಪು ತರುವುದು ನನಗೆ ಇಷ್ಟವಿರಲಿಲ್ಲ. ಇದಕ್ಕೆ ಒಂದು ದಿನ ಹೆಚ್ಚು ಹಿಡಿಯಿತು. ಇಡೀ ಕೆಲಸದಲ್ಲಿ ಅತ್ಯಂತ ಬೆಲೆಬಾಳುವ ದಿನ ಅದೇ ಎಂದು ಈಗ ಅನ್ನಿಸುತ್ತದೆ.

ಹಳೆಯ ಪೈಪುಗಳು 300 ಮಿಲಿಮೀಟರ್ ಒಳವ್ಯಾಸದ ಎನ್‌ಪಿ2 ದರ್ಜೆಯವು. ಎನ್‌ಪಿ ಎಂದರೆ ಒತ್ತಡವಿಲ್ಲದೆ ಹರಿಯುವ ನೀರಿನ ಪೈಪು. ಗೋಡೆಯ ದಪ್ಪ ಅಳೆದರೆ 30 ಮಿಲಿಮೀಟರ್. ಇಪ್ಪತ್ತು ವರ್ಷ ಮಣ್ಣಿನಡಿ ಇದ್ದರೂ ಎರಡು ಪೈಪುಗಳಲ್ಲಿ ಒಂದು ಕೂದಲೆಳೆಯಷ್ಟು ಬಿರುಕೂ ಇಲ್ಲ. ಸುತ್ತಿಗೆಯಿಂದ ತಟ್ಟಿದರೆ ಗಂಟೆಯಂತೆ ಸದ್ದು. ಸೋತದ್ದು ಕಾಲರ್ ಕೂಡಿಕೆಗಳು. ಎರಡು ಪೈಪುಗಳ ತುದಿ ಸೇರುವಲ್ಲಿ ಸಿಮೆಂಟಿನ ಬಳೆ ತೊಡಿಸಿ, ಸಂದಿಗೆ ಗಾರೆ ತುಂಬುವ ಪದ್ಧತಿ ಅದು. ಆ ಗಾರೆ ಬಿರಿದಿತ್ತು. ಪೈಪುಗಳನ್ನು ಸಡಿಲ ಮಣ್ಣಿನ ಮೇಲೆ ನೇರವಾಗಿ ಇಟ್ಟಿದ್ದರಿಂದ ನಡುವಿನ ಪೈಪು ಎರಡು ಬೆರಳಿನಷ್ಟು ತಗ್ಗಿತ್ತು. ಕಾಂಕ್ರೀಟು ಬಾಗುವುದಿಲ್ಲ, ಗಾರೆಯೂ ಬಾಗುವುದಿಲ್ಲ. ತಗ್ಗಿದಾಗ ಬಿಟ್ಟುಕೊಡುವುದು ಕೂಡಿಕೆಯೇ. ಬಿರಿದ ಸಂದಿಯಿಂದ ಪ್ರತಿ ಮಳೆಯಲ್ಲೂ ನೀರು ಹೊರಗೆ ಜಿನುಗಿ, ಮಳೆ ನಿಂತಾಗ ಒಳಗೆ ಬಸಿದು, ಬರುವಾಗ ನುಣ್ಣನೆಯ ಮಣ್ಣನ್ನು ಹೊತ್ತು ತಂದು ಹಳ್ಳಕ್ಕೆ ಬಿಟ್ಟಿದೆ. ವರ್ಷಗಳ ಕಾಲ ಹೀಗೆ ನಡೆದು, ಎರಡನೆಯ ಕೂಡಿಕೆಯ ಕೆಳಗೆ ಒಬ್ಬ ಮನುಷ್ಯ ಕುಳಿತುಕೊಳ್ಳಬಹುದಾದಷ್ಟು ಪೊಳ್ಳಾಗಿತ್ತು. ದಾರಿಯ ಮೇಲಿನ ಗಟ್ಟಿ ಜಂಬಿಟ್ಟಿಗೆ ಮಣ್ಣು ಕಮಾನಿನಂತೆ ನಿಂತು ಇಷ್ಟು ದಿನ ಕಾಪಾಡಿತ್ತು. ಖಾಲಿ ಲಾರಿ ಬರುವ ಹೊತ್ತಿಗೆ ಆ ಕಮಾನಿನ ಕೊನೆಯ ಹಿಡಿತವೂ ತಪ್ಪಿರಬೇಕು.

ನಮ್ಮ ಮೇಸ್ತ್ರಿಗಳು ಈ ಪೊಳ್ಳನ್ನು ಬಹಳ ಹೊತ್ತು ನೋಡಿದರು. "ಪೈಪಿನ ತಪ್ಪಿಲ್ಲ ಅಯ್ಯಾ, ಹಾಸಿಗೆಯ ತಪ್ಪು" ಎಂದರು. ಮುಂದಿನ ಎರಡು ತಿಂಗಳು ನಾನು ತೆಗೆದುಕೊಂಡ ಪ್ರತಿ ತೀರ್ಮಾನದ ಹಿಂದೆಯೂ ಈ ಮಾತಿತ್ತು.

ಎಷ್ಟು ನೀರು?

ಪೈಪು ಯಾವುದು ಎನ್ನುವ ಮೊದಲು ಎಷ್ಟು ದೊಡ್ಡದು ಎಂದು ತಿಳಿಯಬೇಕು. ಮೋರಿಗೆ ಬಂದು ಸೇರುವ ಗುಡ್ಡದ ಜಾಗವನ್ನು ಸರ್ವೆ ನಕ್ಷೆಯ ಮೇಲೆ ಗುರುತಿಸಿ, ಮಳೆಯಲ್ಲಿ ನಡೆದು ನೋಡಿ ತಿದ್ದಿ, ಸುಮಾರು ಎರಡೂವರೆ ಎಕರೆ, ಅಂದರೆ ಒಂದು ಹೆಕ್ಟೇರ್ ಎಂದು ತೀರ್ಮಾನಿಸಿದೆ. ನಮ್ಮ ಅಂಗಳದಲ್ಲಿ ಮಳೆಮಾಪಕವಿದೆ. ಅದರಲ್ಲಿ ನಾನು ಕಂಡ ಅತಿ ಬಿರುಸಿನ ಮಳೆ ಕಾಲು ಗಂಟೆಗೆ 22 ಮಿಲಿಮೀಟರ್. ಗಂಟೆಯ ಲೆಕ್ಕಕ್ಕೆ 88. ಲೆಕ್ಕಕ್ಕೆ 100 ಹಿಡಿದೆ. ಬಿದ್ದ ಮಳೆಯಲ್ಲಿ ಅರ್ಧ ನೆಲಕ್ಕೆ ಇಂಗಿ ಅರ್ಧ ಹರಿಯುತ್ತದೆ ಎಂದುಕೊಂಡರೆ, ಹೆಕ್ಟೇರ್ ಗುಣಿಸು ಮಿಲಿಮೀಟರ್ ಗುಣಿಸು 0.5, ಅದನ್ನು 360ರಿಂದ ಭಾಗಿಸಿದರೆ ಸೆಕೆಂಡಿಗೆ 0.139 ಘನ ಮೀಟರ್. ಅಂದರೆ ಸೆಕೆಂಡಿಗೆ 139 ಲೀಟರ್. ದಿನಗಟ್ಟಲೆ ನೆನೆದ ನೆಲ ಅರ್ಧಕ್ಕಿಂತ ಕಡಿಮೆ ಕುಡಿಯುತ್ತದೆ ಎಂಬುದನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಮುಂದಿನ ಅಳತೆಗಳಲ್ಲಿ ಧಾರಾಳವಾಗಿ ನಡೆದುಕೊಂಡೆ.

ಹಳೆಯ 300ರ ಪೈಪು ನೂರಕ್ಕೆ ಒಂದು ಇಳಿಜಾರಿನಲ್ಲಿ ತುಂಬಿ ಹರಿದರೂ ಸೆಕೆಂಡಿಗೆ 97 ಲೀಟರ್ ಮಾತ್ರ ಸಾಗಿಸುತ್ತದೆ. ಇನ್ನೂ ಒಂದು ಸಂಗತಿ ಇದೆ, ಪೈಪು ಮಾರುವವರು ಹೇಳದ್ದು. ಮೋರಿಯಂತಹ ಗಿಡ್ಡ ಪೈಪಿನಲ್ಲಿ ಎಷ್ಟು ನೀರು ಹೋಗುತ್ತದೆ ಎಂಬುದನ್ನು ಪೈಪಿನ ಒಳಮೈ ತೀರ್ಮಾನಿಸುವುದಿಲ್ಲ, ಬಾಯಿ ತೀರ್ಮಾನಿಸುತ್ತದೆ. ನೀರು ಪೈಪಿನ ನೆತ್ತಿಯ ಮಟ್ಟಕ್ಕೆ ನಿಂತಾಗ 300ರ ಬಾಯಿ ಒಳಗೆ ಬಿಟ್ಟುಕೊಳ್ಳುವುದು ಸುಮಾರು 60 ಲೀಟರ್, 450ರ ಬಾಯಿ ಸುಮಾರು 170. ಪ್ಲಾಸ್ಟಿಕ್ ಪೈಪಿನ ಪ್ರಚಾರದ ಹಾಳೆಗಳಲ್ಲಿ "ಒಳಮೈ ಗಾಜಿನಂತೆ ನುಣುಪು, ಆದ್ದರಿಂದ ಒಂದು ಅಳತೆ ಚಿಕ್ಕದು ಸಾಕು" ಎಂದು ಬರೆದಿರುತ್ತಾರೆ. ನೂರಾರು ಮೀಟರ್ ಉದ್ದದ ಸಾಲಿಗೆ ಅದು ನಿಜ. ಏಳು ಮೀಟರಿನ ಮೋರಿಗೆ ಆ ಮಾತನ್ನು ನಂಬಿ ಅಳತೆ ಇಳಿಸಿದರೆ ಮೊದಲ ಬಿರುಸಿನ ಮಳೆಗೇ ನೀರು ದಾರಿಯ ಮೇಲೆ ಹತ್ತುತ್ತದೆ. ಇದರ ಮೇಲೆ ನಮ್ಮಲ್ಲಿ ಸೋಗೆ, ಹಾಳೆ, ಮುರಿದ ಕೊಂಬೆ ಎಲ್ಲವೂ ನೀರಿನೊಂದಿಗೆ ಬರುತ್ತವೆ. ದಾರಿಯ ಅಡಿಗೆ 450, ಅದಕ್ಕಿಂತ ಕಡಿಮೆ ಬೇಡವೇ ಬೇಡ ಎಂದು ಗಟ್ಟಿಮಾಡಿದೆ.

ಅಂಗಡಿಯಲ್ಲಿ ಇದ್ದದ್ದು, ಮನಸ್ಸಿನಲ್ಲಿ ಇದ್ದದ್ದು

ನಮ್ಮ ಕಡೆ ಬಹಳ ಜನ ಮೋರಿಗೆ ಹಾಕುವುದು ನೀರಾವರಿಗೆಂದು ಬರುವ ಬೂದು ಬಣ್ಣದ ಪಿವಿಸಿ ಪೈಪು. ಕೈಗೆ ಸಿಗುತ್ತದೆ, ಹಗುರ, ಅಂಟಿಸಿದರೆ ಮುಗಿಯಿತು. "4 ಕೆ.ಜಿ. ಬೇಡ, 6 ಕೆ.ಜಿ. ಪೈಪು ತೆಗೆದುಕೊಳ್ಳಿ, ಲಾರಿ ಹೋದರೂ ಏನಾಗುವುದಿಲ್ಲ" ಎಂದು ಒಬ್ಬ ಅಂಗಡಿಯವರು ಪ್ರೀತಿಯಿಂದಲೇ ಹೇಳಿದರು. ಆ ಕೆ.ಜಿ. ಎಂಬುದು ಪೈಪಿನ ಒಳಗಿನಿಂದ ನೀರು ಒತ್ತುವ ಒತ್ತಡ, ಒಂದು ಚದರ ಸೆಂಟಿಮೀಟರಿಗೆ ಇಷ್ಟು ಎಂದು. ಮೇಲಿನಿಂದ ಚಕ್ರ ಒತ್ತಿದಾಗ ಪೈಪು ಎಷ್ಟು ಚಪ್ಪಟೆಯಾಗುತ್ತದೆ ಎಂಬುದಕ್ಕೂ ಅದಕ್ಕೂ ನೇರ ಸಂಬಂಧವಿಲ್ಲ. ಒಳಗಿನ ಒತ್ತಡವನ್ನು ತೆಳು ಗೋಡೆಯೂ ತಡೆಯಬಲ್ಲದು, ಬಲೂನಿನಂತೆ ಬಿಗಿದುಕೊಂಡು. ಹೊರಗಿನ ಹೊರೆಗೆ ಬೇಕಾದದ್ದು ಬಾಗದೆ ನಿಲ್ಲುವ ಬಿಗುಪು. ಗೋಡೆಯ ದಪ್ಪ ಇಮ್ಮಡಿಯಾದರೆ ಬಿಗುಪು ಎಂಟು ಪಟ್ಟಾಗುತ್ತದೆ. ಹೂಳುವ ಪೈಪುಗಳ ಮೇಲೆ ಇದನ್ನು ಎಸ್‌ಎನ್ ಎಂದು ಅಚ್ಚುಹಾಕಿರುತ್ತಾರೆ: ಎಸ್‌ಎನ್4, ಎಸ್‌ಎನ್8. ಅಂಕಿ ದೊಡ್ಡದಾದಷ್ಟೂ ಬಿಗುಪು ಹೆಚ್ಚು. ಪೈಪಿನ ಮೈಮೇಲೆ ಐಎಸ್ (ಭಾರತೀಯ ಮಾನಕ) 4985 ಎಂದಿದ್ದರೆ ಅದು ನೀರು ಸರಬರಾಜಿನ ಪಿವಿಸಿ. ಹೂಳುವ ಚರಂಡಿಗೆಂದೇ ಮಾಡಿದ ಪಿವಿಸಿಗೆ ಐಎಸ್ 15328. ಎರಡು ಗೋಡೆಯ ಎಚ್‌ಡಿಪಿಇ ಎಂಬ ಪ್ಲಾಸ್ಟಿಕ್ ಪೈಪಿಗೆ ಐಎಸ್ 16098ರ ಎರಡನೆಯ ಭಾಗ. ಕಾಂಕ್ರೀಟ್ ಪೈಪಿಗೆ ಐಎಸ್ 458. ಅಂಗಡಿಯಲ್ಲಿ ಮೊದಲು ಬೆಲೆ ಕೇಳುವ ಬದಲು ಪೈಪನ್ನು ಉರುಳಿಸಿ ಈ ಅಂಕಿ ಓದಬೇಕು.

ಕಲಾಯಿ ಹಾಕಿದ ಸುಕ್ಕು ತಗಡಿನ ಪೈಪನ್ನು ಬೇಗ ಬಿಟ್ಟುಬಿಟ್ಟೆ. ನಮ್ಮ ಕೆಂಪು ಮಣ್ಣು ಹುಳಿ ಗುಣದ್ದು, ಸದಾ ಒದ್ದೆ. ಸತುವಿನ ಪದರ ಹೋದ ಮೇಲೆ ಕಬ್ಬಿಣ ಎಷ್ಟು ದಿನ ಎಂಬುದನ್ನು ತೋಟದ ಗೇಟುಗಳೇ ಹೇಳುತ್ತವೆ.

ಕಲ್ಲು ಚಪ್ಪಡಿಯ ಮೋರಿ ಮನಸ್ಸಿನಲ್ಲಿ ಬಹಳ ಸುಳಿದಾಡಿತು. ಅಗೆಯುವಾಗ ಅಜ್ಜನ ಕಾಲದ ಮೋರಿಯ ಒಂದು ಬದಿಯ ಗೋಡೆ ಹಾಗೆಯೇ ಸಿಕ್ಕಿತು. ಗಾರೆಯಿಲ್ಲದೆ ಕಟ್ಟಿದ್ದು. ಒಂದು ಕಲ್ಲೂ ಅಲುಗಾಡಿಲ್ಲ. ನೀರು ಸಂದಿಗಳಲ್ಲಿ ಬಸಿದರೂ ಹಿಂದಿನ ಮಣ್ಣು ಕದಲದಂತೆ ಸಣ್ಣ ಕಲ್ಲುಗಳನ್ನು ಒತ್ತಿ ತುಂಬಿದ್ದರು. ಅದನ್ನು ಕಟ್ಟಿದ ಕೈಗಳಿಗೆ ನೀರು ಮತ್ತು ಮಣ್ಣು ಎರಡರ ಸ್ವಭಾವವೂ ಗೊತ್ತಿತ್ತು. ಆದರೆ ಲಾರಿ ತಡೆಯುವ ಚಪ್ಪಡಿ ದೂರದಿಂದ ಬರಬೇಕು, ಹಾಗೆ ಕಟ್ಟಬಲ್ಲವರು ನಮ್ಮ ಸುತ್ತಲಲ್ಲಿ ಈಗ ಇಲ್ಲ. ಆ ಗೋಡೆಯನ್ನು ಕೆಡವದೆ ಹೊಸ ಬಾಯಿಕಟ್ಟಿನ ಒಳಗೆ ಸೇರಿಸಿಕೊಂಡೆವು.

ಉಳಿದದ್ದು ಎರಡು: ಹ್ಯೂಮ್ ಪೈಪು ಮತ್ತು ಎರಡು ಗೋಡೆಯ ಎಚ್‌ಡಿಪಿಇ ಪೈಪು. ಅಂಗಡಿಗಳಲ್ಲಿ ಡಿಡಬ್ಲ್ಯುಸಿ ಎಂದರೆ ಇದನ್ನೇ ಕೊಡುತ್ತಾರೆ. ಹೊರಗೆ ಸುಕ್ಕು, ಒಳಗೆ ನಯ, ಬಣ್ಣ ಕಪ್ಪು.

ಹ್ಯೂಮ್ ಪೈಪು ಎಂಬ ಹೆಸರು ಬಂದದ್ದು ಆಸ್ಟ್ರೇಲಿಯದ ವಾಲ್ಟರ್ ಹ್ಯೂಮ್ ಅವರಿಂದ. 1910ರಲ್ಲಿ ಅವರು ಅಚ್ಚನ್ನು ಗಿರಗಿರನೆ ತಿರುಗಿಸಿ ಕಾಂಕ್ರೀಟನ್ನು ಗೋಡೆಗೆ ಒತ್ತಿಸುವ ವಿಧಾನ ಕಂಡುಹಿಡಿದರು. ಅದಕ್ಕೇ ಆ ಪೈಪಿನ ಕಾಂಕ್ರೀಟು ಅಷ್ಟು ದಟ್ಟ. ಒಳಚರಂಡಿಯಲ್ಲಿ ಕೊಳಚೆಯಿಂದ ಏಳುವ ಅನಿಲ ಪೈಪಿನ ನೆತ್ತಿಯಲ್ಲಿ ಗಂಧಕಾಮ್ಲವಾಗಿ ಕಾಂಕ್ರೀಟನ್ನು ತಿಂದುಹಾಕುತ್ತದೆ. ಬರೀ ಮಳೆನೀರಿನ ಸಾಲಿನಲ್ಲಿ ಆ ಕಾಟವಿಲ್ಲ. ಕೊಟ್ಟಿಗೆ ತೊಳೆದ ನೀರು ಈ ಚರಂಡಿಗೆ ಸೇರುತ್ತಿತ್ತು. ಅದನ್ನು ಮೊದಲು ಗೊಬ್ಬರ ಗುಂಡಿಯ ಕಡೆಗೆ ತಿರುಗಿಸಿದೆ.

ಕಾಂಕ್ರೀಟು ಬಿಗಿ ಪೈಪು: ಹೊರೆಯನ್ನು ತಾನೇ ಹೊರುತ್ತದೆ, ಆದರೆ ಹಾಸಿಗೆ ಸಮವಾಗಿರಬೇಕು. ಎಚ್‌ಡಿಪಿಇ ಬಾಗುವ ಪೈಪು: ಮೇಲಿನಿಂದ ಒತ್ತಿದರೆ ಬದಿಗೆ ಉಬ್ಬುತ್ತದೆ, ಬದಿಯ ಮಣ್ಣು ಗಟ್ಟಿಯಿದ್ದರೆ ಅದಕ್ಕೆ ಆತು ನಿಲ್ಲುತ್ತದೆ. ಬದಿಯ ಮಣ್ಣು ಸಡಿಲವಾದರೆ ಆ ಪೈಪು ಎಂತಹ ಕಂಪನಿಯದಾದರೂ ಮೊಟ್ಟೆಯಾಕಾರಕ್ಕೆ ಇಳಿಯುತ್ತದೆ.

ನಮ್ಮ ದಾರಿಯ ಅಡಿಯಲ್ಲಿ ಪೈಪಿನ ನೆತ್ತಿಯಿಂದ ಮೇಲೆ ಸಿಗುವ ಮಣ್ಣು ಎರಡು ಅಡಿ ಮಾತ್ರ. ಅಷ್ಟು ತೆಳು ಹೊದಿಕೆಯಲ್ಲಿ ಚಕ್ರದ ಹೊರೆ ಹರಡಿಕೊಳ್ಳಲು ಜಾಗವಿರುವುದಿಲ್ಲ. ಅಲ್ಲಿ ಬಿಗಿ ಪೈಪೇ ಸರಿ: 450ರ ಎನ್‌ಪಿ3. ಎನ್‌ಪಿ2ರಲ್ಲಿ ಇದೇ ವ್ಯಾಸಕ್ಕೆ ಗೋಡೆ 35 ಮಿಲಿಮೀಟರ್, ಎನ್‌ಪಿ3ರಲ್ಲಿ 75. ದಾರಿ ದಾಟಿದ ಮೇಲೆ ತೋಟದ ಅಂಚಿನಲ್ಲಿ 24 ಮೀಟರ್ ಇಳಿಯಬೇಕು, ಹೆಚ್ಚು ಭಾಗ ಹನ್ನೆರಡಕ್ಕೆ ಒಂದು ಇಳಿಜಾರು. ಅಲ್ಲಿಗೆ ಜೆಸಿಬಿ ಇಳಿಯುವುದಿಲ್ಲ. ಎನ್‌ಪಿ3ರ ಎರಡೂವರೆ ಮೀಟರಿನ ಒಂದು ಪೈಪು ಮುಕ್ಕಾಲು ಟನ್ನಿನ ಹತ್ತಿರ ತೂಗುತ್ತದೆ. ಹತ್ತು ಪೈಪು, ಹತ್ತು ಕೂಡಿಕೆ, ಎಲ್ಲವೂ ಹೆಗಲ ಮೇಲೆ: ಆಗದ ಮಾತು. ಅಲ್ಲಿ ಮೇಲೆ ಓಡಾಡುವುದು ಜನ ಮತ್ತು ಕೈಗಾಡಿ ಮಾತ್ರ. ಆರು ಮೀಟರ್ ಉದ್ದದ ನಾಲ್ಕು ಡಿಡಬ್ಲ್ಯುಸಿ ಪೈಪು ಸಾಕು. ಮೇಲಿನ ಪೈಪಿಗಿಂತ ಕೆಳಗಿನ ಪೈಪು ಎಂದೂ ಚಿಕ್ಕದಾಗಬಾರದು, ಮೇಲೆ ನುಸುಳಿದ ಕೊಂಬೆ ಕೆಳಗೆ ಸಿಕ್ಕಿಕೊಳ್ಳುತ್ತದೆ. 450ಕ್ಕೆ ಸರಿಸಮ ಇದರಲ್ಲಿ ಸಿಗಲಿಲ್ಲ, 500 ಒಳವ್ಯಾಸದ ಎಸ್‌ಎನ್8 ತರಿಸಿದೆ.

ದಾರಿಯ ಅಡಿ

ಏಪ್ರಿಲ್ ಎರಡನೆಯ ವಾರ ಮೂರು ದಿನ. ಪೊಳ್ಳಾಗಿದ್ದ ಜಾಗದ ಸಡಿಲ ಮಣ್ಣನ್ನೆಲ್ಲ ಗಟ್ಟಿ ನೆಲ ಸಿಗುವವರೆಗೆ ತೆಗೆದು, ಜಲ್ಲಿ ಮತ್ತು ಗ್ರಾವೆಲ್ ಬೆರೆಸಿ ಪದರ ಪದರವಾಗಿ ದಮ್ಮಸ್ಸು ಮಾಡಿಸಿದೆ. ಮೇಲೆ 15 ಸೆಂಟಿಮೀಟರ್ ದಪ್ಪದ 1:3:6 (ಸಿಮೆಂಟು, ಮರಳು, ಜಲ್ಲಿ) ಕಾಂಕ್ರೀಟ್ ಹಾಸು. ಕೂಡಿಕೆಗೆ ಈ ಬಾರಿ ಕಾಲರ್ ಬೇಡವೆಂದು ರಬ್ಬರ್ ಬಳೆ ಕೂರುವ ಸಾಕೆಟ್ ಪೈಪುಗಳನ್ನೇ (ಒಂದು ತುದಿ ಉಬ್ಬಿ, ಪಕ್ಕದ ಪೈಪಿನ ತುದಿಯನ್ನು ಒಳಗೆ ಹಿಡಿಯುವಂಥವು) ಹುಡುಕಿ ತಂದಿದ್ದೆ. ನೆಲ ಒಂದು ಕೂದಲೆಳೆ ಸರಿದರೂ ರಬ್ಬರ್ ಅದನ್ನು ತಾಳಿಕೊಳ್ಳುತ್ತದೆ. ಸಾಕೆಟ್ಟಿನ ಉಬ್ಬು ಇರುವಲ್ಲಿ ಹಾಸಿನಲ್ಲಿ ಸಣ್ಣ ಗುಂಡಿ ಬಿಟ್ಟೆವು. ಬಿಡದಿದ್ದರೆ ಪೈಪು ಸಾಕೆಟ್ಟುಗಳ ಮೇಲೆ ಮಾತ್ರ ಕುಳಿತು ನಡುವೆ ತೊಲೆಯಂತೆ ತೂಗುತ್ತದೆ, ಮೊದಲ ಲಾರಿಗೇ ಸೀಳುತ್ತದೆ.

ಕೆಳಗಿನಿಂದ ಮೇಲಕ್ಕೆ ಜೋಡಿಸುತ್ತ ಬಂದೆವು, ಸಾಕೆಟ್ಟಿನ ಬಾಯಿ ನೀರು ಬರುವ ಕಡೆಗೆ. ಜೆಸಿಬಿಯ ತೋಳಿಗೆ ಬೆಲ್ಟ್ ಕಟ್ಟಿ ಪೈಪನ್ನು ಇಳಿಸುವಾಗ ಚಾಲಕನ ಕೈಚಳಕ ನೋಡುವಂತಿತ್ತು. ಮುಕ್ಕಾಲು ಟನ್ನನ್ನು ಆತ ಬೆರಳಿನಷ್ಟು ಅಂತರದಲ್ಲಿ ನಿಲ್ಲಿಸಿ, ಮೇಸ್ತ್ರಿಗಳು ಸನ್ನೆಮಾಡಿದ ಮೇಲೆ ಮುಂದಕ್ಕೆ ಒತ್ತುತ್ತಿದ್ದ. ರಬ್ಬರ್ ಬಳೆಗೆ ಸೋಪಿನ ನೀರು ಸವರಿದೆವು. ಕೆಲಸಗಾರರೊಬ್ಬರು ಗ್ರೀಸ್ ಡಬ್ಬಿ ತಂದಿದ್ದರು, ತಡೆದೆ. ಪೆಟ್ರೋಲಿಯಂ ಎಣ್ಣೆ ಇಂತಹ ಹಲವು ರಬ್ಬರುಗಳನ್ನು ಉಬ್ಬಿಸಿ ಹಾಳುಮಾಡುತ್ತದೆ.

ಪೈಪಿನ ಎರಡೂ ಬಗಲಿಗೆ ಅರ್ಧ ಎತ್ತರದವರೆಗೆ ಅದೇ ಕಾಂಕ್ರೀಟು ತುಂಬಿ, ಮೇಲೆ ಗ್ರಾವೆಲ್ ಹಾಕಿ, ನೀರು ಚಿಮುಕಿಸಿ ದಮ್ಮಸ್ಸು ಮಾಡಿದೆವು. ಎರಡು ವಾರ ದಾರಿಯಲ್ಲಿ ವಾಹನ ಬಿಡಲಿಲ್ಲ. ಹಾಲಿನ ಕ್ಯಾನು ಹೊತ್ತು ನಡೆಯಬೇಕಾಯಿತು, ಅಮ್ಮ ಬೇಸರಿಸಲಿಲ್ಲ.

ತೋಟದ ಇಳಿಜಾರು

ದಾರಿಯ ಕೆಳಬದಿಯಲ್ಲಿ ಮೂರಡಿ ಚೌಕದ ಗುಂಡಿ ಕಟ್ಟಿದೆವು. ಹ್ಯೂಮ್ ಪೈಪಿನ ನೀರು ಅದಕ್ಕೆ ಬಿದ್ದು, ಅಲ್ಲಿಂದ ಡಿಡಬ್ಲ್ಯುಸಿ ಹೊರಡುತ್ತದೆ. ಗುಂಡಿಯ ತಳ ಹೊರಪೈಪಿನ ಮಟ್ಟಕ್ಕಿಂತ ಒಂದೂವರೆ ಅಡಿ ಕೆಳಗೆ, ಮರಳು ಕೂರಲಿ ಎಂದು.

ಪ್ಲಾಸ್ಟಿಕ್ಕಿಗೆ ಸಿಮೆಂಟು ಅಂಟುವುದಿಲ್ಲ. ಗುಂಡಿಯ ಗೋಡೆಯಲ್ಲಿ ಪೈಪು ಹಾಯುವಲ್ಲಿ ಸುತ್ತ ಎಷ್ಟು ಗಾರೆ ಮೆತ್ತಿದರೂ ಕೂದಲೆಳೆಯ ಸಂದಿ ಉಳಿಯುತ್ತದೆ, ನಮ್ಮ ಹಳೆಯ ಮೋರಿಗೆ ಆದದ್ದು ಇಲ್ಲಿಯೂ ಆಗುತ್ತದೆ. ಇದಕ್ಕೆ ಒಂದು ಸುಲಭ ಉಪಾಯವಿದೆ. ಕೂಡಿಕೆಗೆಂದು ಬರುವ ರಬ್ಬರ್ ಬಳೆಯನ್ನೇ ಪೈಪಿನ ಸುಕ್ಕಿನ ತಗ್ಗಿನಲ್ಲಿ ತೊಡಿಸಿ, ಅದು ಗೋಡೆಯ ಕಾಂಕ್ರೀಟಿನ ನಡುವೆ ಬರುವಂತೆ ಹೂತರೆ ನೀರಿನ ದಾರಿ ಕಟ್ಟಾಗುತ್ತದೆ. ಇನ್ನೊಂದು: ಗೋಡೆಯಿಂದ ಹೊರಟ ಮೊದಲ ತುಂಡು ಎರಡಡಿ ಮಾತ್ರ, ಅದರ ನಂತರ ಕೂಡಿಕೆ. ಗುಂಡಿ ಒಂದಿಷ್ಟು ತಗ್ಗಿದರೂ ಆ ಕೂಡಿಕೆ ಮಡಚಿಕೊಂಡು ಸಹಿಸುತ್ತದೆ. ಪೈಪನ್ನು ಕತ್ತರಿಸುವಾಗ ಗರಗಸ ಸುಕ್ಕಿನ ತಗ್ಗಿನಲ್ಲೇ ಓಡಬೇಕು, ಉಬ್ಬಿನ ಮೇಲೆ ಕತ್ತರಿಸಿದರೆ ಎರಡು ಗೋಡೆಗಳ ನಡುವಿನ ಪೊಳ್ಳಿಗೆ ನೀರು ನುಗ್ಗುತ್ತದೆ.

ಅಗಳದ ಅಗಲ ನಾಲ್ಕಡಿ. ಪೈಪಿನ ಎರಡೂ ಬದಿಗೆ ಒಂದೊಂದಡಿಯಾದರೂ ಇಲ್ಲದಿದ್ದರೆ ಬಗಲಿಗೆ ಕಾಲು ಹೋಗುವುದಿಲ್ಲ, ಕಾಲು ಹೋಗದಲ್ಲಿ ಮಣ್ಣು ಗಟ್ಟಿಯಾಗುವುದಿಲ್ಲ. ಇಳಿಜಾರನ್ನು ಲೆವೆಲ್ ಪೈಪು ಹಿಡಿದು ಪ್ರತಿ ಮೂರು ಮೀಟರಿಗೆ ಗೂಟ ಹೊಡೆದು ಗುರುತಿಸಿದೆವು. ತಳಕ್ಕೆ ನಾಲ್ಕು ಬೆರಳು ಎಂ-ಸ್ಯಾಂಡ್.

ಇಲ್ಲಿ ಒಂದು ತಪ್ಪು ನಡೆಯಿತು. ಕೃತ್ತಿಕಾ ಮಳೆ ಬರುವ ದಿನಗಳು ಅವು. ನಾಲ್ಕೂ ಪೈಪು ಜೋಡಿಸಿದ ಸಂಜೆ, ಒಳಗೆ ಕೆಸರು ಹೋಗದಿರಲಿ ಎಂದು ಎರಡೂ ತುದಿಗೆ ಮಣ್ಣಿನ ಚೀಲ ಒತ್ತಿ ಮನೆಗೆ ಹೋದೆವು. ಮಣ್ಣು ಮುಚ್ಚಿರಲಿಲ್ಲ. ರಾತ್ರಿ ಗುಡುಗಿನೊಂದಿಗೆ ಒಂದು ಗಂಟೆ ಮಳೆ ಹೊಡೆಯಿತು. ಬೆಳಿಗ್ಗೆ ನೋಡಿದರೆ ಕೆಳಗಿನ ಸಮತಟ್ಟು ಭಾಗದಲ್ಲಿ ಅಗಳ ತುಂಬಿ, ಎರಡು ಪೈಪುಗಳು ತೇಲಿ, ಒಂದು ಕೂಡಿಕೆ ಕಳಚಿ ಓರೆಯಾಗಿ ನಿಂತಿತ್ತು. ಲೆಕ್ಕ ಮೊದಲೇ ಹಾಕಬೇಕಿತ್ತು. 500ರ ಪೈಪಿನ ಒಳಗಿನ ಪೊಳ್ಳೊಂದೇ ಮೀಟರಿಗೆ 196 ಲೀಟರ್. ಮುಳುಗಿದ ಖಾಲಿ ಪೈಪನ್ನು ನೀರು ಅಷ್ಟು ಕಿಲೋ ಬಲದಿಂದ ಮೇಲೆತ್ತುತ್ತದೆ, ಪೈಪಿನ ತೂಕ ಅದರ ಹತ್ತಿರಕ್ಕೂ ಬರುವುದಿಲ್ಲ. ದಾರಿಯ ಅಡಿಯ ದಪ್ಪ ಕಾಂಕ್ರೀಟ್ ಪೈಪಿನಲ್ಲಿ ಈ ಯೋಚನೆ ಬಂದಿರಲಿಲ್ಲ. ಆ ದಿನ ಪೂರ್ತಿ ನೀರೆತ್ತಿ, ಕೆಸರಾದ ಎಂ-ಸ್ಯಾಂಡ್ ಬಳಿದು ಹೊಸದು ಹಾಕಿ, ರಬ್ಬರ್ ಬಳೆ ತೊಳೆದು ಮತ್ತೆ ಜೋಡಿಸಿದೆವು. ಅಲ್ಲಿಂದ ಮುಂದೆ ಒಂದು ಪೈಪು ಕೂಡಿಸಿದ ತಕ್ಷಣ ಅದರ ನಡುಭಾಗಕ್ಕೆ ಮಣ್ಣು ಹೊದಿಸಿ ದಮ್ಮಸ್ಸು ಮಾಡಿದ ಮೇಲೆಯೇ ಇನ್ನೊಂದಕ್ಕೆ ಕೈಹಾಕಿದ್ದು.

ಇಳಿಜಾರಿನಲ್ಲಿ ಇನ್ನೊಂದು ಅಪಾಯವಿದೆ. ನೀರು ಪೈಪಿನ ಒಳಗೆ ಮಾತ್ರವಲ್ಲ, ಹೊರಗೆ, ಮರಳಿನ ಹಾಸಿನಲ್ಲಿಯೂ ಇಳಿಯುತ್ತದೆ, ಹಾಸನ್ನೇ ತೊಳೆದುಕೊಂಡು ಹೋಗುತ್ತದೆ. ಅದನ್ನು ತಡೆಯಲು ಪ್ರತಿ ಕೂಡಿಕೆಯ ಸ್ವಲ್ಪ ಕೆಳಗೆ ಅಗಳದ ಪೂರ್ತಿ ಅಗಲಕ್ಕೆ ಒಂದಡಿ ದಪ್ಪದ ಕಾಂಕ್ರೀಟ್ ಅಡ್ಡಗೋಡೆ ಕಟ್ಟಿದೆವು. ಪೈಪು ಜಾರದಂತೆ ಹಿಡಿಯುವುದೂ ಅದೇ.

ಬಗಲು ತುಂಬುವ ಕೆಲಸವನ್ನು ಮೇಸ್ತ್ರಿಗಳು ಯಾರಿಗೂ ಬಿಡಲಿಲ್ಲ. ಜರಡಿ ಹಿಡಿದ ಗ್ರಾವೆಲ್ ಮಣ್ಣನ್ನು ಅರ್ಧ ಅಡಿಯ ಪದರಗಳಲ್ಲಿ ಎರಡೂ ಬದಿಗೆ ಸಮನಾಗಿ ಹಾಕಿಸಿ, ಓರೆಯಾಗಿ ಕೊರೆದ ಮರದ ಕೋಲಿನಿಂದ ಪೈಪಿನ ಕೆಳಗಿನ ಮೂಲೆಗೆ ತಾವೇ ಕುಟ್ಟಿದರು. ಒಂದು ಬದಿ ಮೊದಲು ತುಂಬಿದರೆ ಪೈಪು ಇನ್ನೊಂದು ಬದಿಗೆ ಸರಿಯುತ್ತದೆ. ಅರವತ್ತು ದಾಟಿದ ಅವರು ಎರಡು ದಿನ ಮಂಡಿಯೂರಿ ಕುಳಿತು ಮಾಡಿದ ಆ ಕೆಲಸ ಈಗ ಯಾರಿಗೂ ಕಾಣುವುದಿಲ್ಲ.

ತಟ್ಟೆ ಎಳೆದದ್ದು

ಬಾಗುವ ಪೈಪು ನೂರಕ್ಕೆ ಐದಕ್ಕಿಂತ ಹೆಚ್ಚು ಚಪ್ಪಟೆಯಾಗಬಾರದು ಎಂಬುದು ರೂಢಿಯ ಮಿತಿ. 500ರಲ್ಲಿ 25 ಮಿಲಿಮೀಟರ್. ಪ್ಲೈವುಡ್ಡಿನಲ್ಲಿ 475 ಮಿಲಿಮೀಟರ್ ವ್ಯಾಸದ ಎರಡು ತಟ್ಟೆ ಕತ್ತರಿಸಿ, ನಡುವೆ ಒಂದೂವರೆ ಅಡಿಯ ರೀಪು ಹೊಡೆದು, ಎರಡೂ ಕಡೆ ಹಗ್ಗ ಕಟ್ಟಿದೆ. ಮಣ್ಣು ಮುಚ್ಚಿ ಹತ್ತು ದಿನವಾದ ಮೇಲೆ ಕೆಳಗಿನಿಂದ ಮೇಲಕ್ಕೆ ಎಳೆದೆವು. ಎರಡನೆಯ ಪೈಪಿನ ನಡುವೆ ಸಿಕ್ಕಿಕೊಂಡಿತು.

ಹಿಂದಕ್ಕೆ ಎಳೆದು, ಹಗ್ಗದ ಉದ್ದ ಅಳೆದು, ಮೇಲೆ ಗುರುತು ಹಾಕಿ ಅಗೆದೆವು. ಅಲ್ಲಿ ಅಗಳದ ಗೋಡೆಯಲ್ಲೇ ಹಳೆಯ ಹಲಸಿನ ಬೇರು ಕೊಳೆತು ಮಣ್ಣು ಮೆತ್ತಗಾಗಿತ್ತು. ನಾವು ತುಂಬಿದ ಮಣ್ಣು ಗಟ್ಟಿಯಿದ್ದರೂ ಅದರ ಹಿಂದಿನದು ಬಿಟ್ಟುಕೊಟ್ಟಿತ್ತು. ಬೇರು ತೆಗೆದು, ಜಲ್ಲಿ ಸಿಮೆಂಟು ಬೆರೆಸಿ ತುಂಬಿ, ಬಗಲನ್ನು ಮತ್ತೆ ಕುಟ್ಟಿದೆವು. ಒಳಗಿನಿಂದ ಕಾರಿನ ಜಾಕ್ ಇಟ್ಟು ಪೈಪನ್ನು ಮೆಲ್ಲಗೆ ದುಂಡಗೆ ತಂದಿದ್ದೆವು. ಎಚ್‌ಡಿಪಿಇ ಇಂತಹ ತಿದ್ದುಪಡಿಯನ್ನು ಒಪ್ಪುತ್ತದೆ. ಪಿವಿಸಿಯಾಗಿದ್ದರೆ ನಾನು ಈ ಸಾಹಸ ಮಾಡುತ್ತಿರಲಿಲ್ಲ. ಮರುದಿನ ತಟ್ಟೆ ಮೇಲಿನ ಗುಂಡಿಯವರೆಗೆ ಸಲೀಸಾಗಿ ಬಂತು.

ಬಾಯಿ ಮತ್ತು ತುದಿ

ನೀರು ಒಳಬರುವ ಬಾಯಿಗೆ ಅಜ್ಜನ ಗೋಡೆಯನ್ನು ಸೇರಿಸಿಕೊಂಡು ಜಂಬಿಟ್ಟಿಗೆಯ ರೆಕ್ಕೆಗೋಡೆ ಕಟ್ಟಿದೆವು. ಪೈಪಿನ ಬಾಯಿಗೆ ಜಾಲರಿ ಹಾಕಲಿಲ್ಲ. ಹಾಕಿದರೆ ಎರಡು ಸೋಗೆ ಸಾಕು, ಮುಚ್ಚಿಹೋಗುತ್ತದೆ. ಬದಲಿಗೆ ಎರಡು ಮೀಟರ್ ಮೇಲೆ, ಚರಂಡಿಯಲ್ಲಿ, ಅರ್ಧ ಅಡಿ ಅಂತರದಲ್ಲಿ ಓರೆಯಾಗಿ ಕಬ್ಬಿಣದ ಸರಳು ನಿಲ್ಲಿಸಿದೆವು. ಕಸ ಸರಳಿನ ಮೇಲೆ ಹತ್ತಿ ಕೂರುತ್ತದೆ, ನೀರು ಕೆಳಗೆ ನುಸುಳುತ್ತದೆ, ಕೊಡೆ ಹಿಡಿದು ನಿಂತು ಒಂದು ಕೋಲಿನಿಂದ ಎಳೆದುಹಾಕಬಹುದು. ಮೋರಿ ಪೂರ್ತಿ ಕಟ್ಟಿಕೊಂಡರೂ ನೀರು ದಾರಿಯ ಉದ್ದಕ್ಕೆ ಓಡದೆ ಒಂದೇ ಕಡೆ ದಾಟಲಿ ಎಂದು ಮೋರಿಯಿಂದ ಆಚೆಗೆ ದಾರಿಯನ್ನು ಅರ್ಧ ಅಡಿ ತಗ್ಗಿಸಿ ಕಲ್ಲು ಹಾಸಿದೆವು.

ಕೆಳಗಿನ ತುದಿಯನ್ನು ಹಳ್ಳದ ದಂಡೆಯಲ್ಲಿ ಬರಿದಾಗಿ ಬಿಡಬಾರದು. ಬೇಸಿಗೆಯಲ್ಲಿ ದರಗು ಸುಡುವಾಗ ಒಂದು ಕಿಡಿ ತಗಲಿದರೆ ಪ್ಲಾಸ್ಟಿಕ್ ಪೈಪು ತುದಿಯಿಂದ ಉರಿಯುತ್ತ ಹೋಗುತ್ತದೆ. ಕಲ್ಲಿನ ಗೋಡೆ ಕಟ್ಟಿ, ಪೈಪನ್ನು ಗೋಡೆಯ ಮುಖಕ್ಕಿಂತ ನಾಲ್ಕು ಬೆರಳು ಒಳಗೇ ನಿಲ್ಲಿಸಿದೆವು. ಹೊರಬೀಳುವ ನೀರಿನ ರಭಸಕ್ಕೆ ದಂಡೆ ಕೊರೆಯದಂತೆ ಎಂಟು ಅಡಿ ಉದ್ದಕ್ಕೆ ದೊಡ್ಡ ಕಾಡುಗಲ್ಲುಗಳನ್ನು ಒರಟಾಗಿಯೇ ಹೂತೆವು. ನಯವಾಗಿ ಗಾರೆ ಬಳಿದರೆ ನೀರಿನ ಓಟ ತಗ್ಗುವುದಿಲ್ಲ.

ಹಳೆಯ 300ರ ಪೈಪುಗಳಲ್ಲಿ ಗಟ್ಟಿಯಾಗಿದ್ದ ಎರಡನ್ನು ತೋಟದ ಕಪ್ಪಿಗೆ (ಬಸಿಗಾಲುವೆಗೆ) ಅಡ್ಡ ಇಟ್ಟು ಕೈಗಾಡಿಯ ದಾರಿ ಮಾಡಿಕೊಂಡಿದ್ದೇವೆ. ಅಲ್ಲಿ ಅವು ಇನ್ನೂ ಬಹುಕಾಲ ಇರುತ್ತವೆ.

ಮಳೆಯ ನಂತರ

ಮೃಗಶಿರ ಮಳೆಯಲ್ಲಿ ಕೆಂಪು ನೀರು ಬಂತು, ಗುಂಡಿಯಲ್ಲಿ ಮೊಳಕಾಲುದ್ದ ಮರಳು ಕೂತಿತು. ಅಗೆದ ನೆಲ ಹೊಸದಾದ್ದರಿಂದ ಅದು ನಿರೀಕ್ಷಿತವೇ. ಆರಿದ್ರಾದ ಮೂರನೆಯ ದಿನ ನಮ್ಮ ಮಾಪಕದಲ್ಲಿ 24 ಗಂಟೆಗೆ 180 ಮಿಲಿಮೀಟರ್. ಅಂದು ಸಂಜೆ ಬಾಯಿಯ ಬಳಿ ಕೋಲು ಇಟ್ಟು ಅಳೆದೆ. ಪೈಪಿನ ಮುಕ್ಕಾಲು ಎತ್ತರಕ್ಕೆ ನೀರು ನಿಂತಿತ್ತು, ನೆತ್ತಿ ಮುಟ್ಟಿರಲಿಲ್ಲ. ಪುನರ್ವಸುವಿನಲ್ಲಿ ಒಮ್ಮೆ ಸರಳುಗಳ ಮೇಲೆ ಒಂದು ಇಡೀ ಬಿದಿರಿನ ಹಿಂಡಿಲು ಬಂದು ಕೂತು ನೀರು ದಾರಿಯ ತಗ್ಗಿನಲ್ಲಿ ದಾಟಿತು, ಎಲ್ಲಿ ದಾಟಬೇಕೋ ಅಲ್ಲಿಯೇ. ಅಪ್ಪಯ್ಯ ಜಗಲಿಯಲ್ಲಿ ಕುಳಿತು ಅದನ್ನು ನೋಡಿ, ಮೋರಿ ಒಡೆಯಿತೇನೋ ಎಂದು ಕೂಗಿ ಕರೆದರು. ಹೋಗಿ ಬಿದಿರು ಎಳೆದ ಐದು ನಿಮಿಷಕ್ಕೆ ನೀರು ಇಳಿಯಿತು.

ಆಶ್ಲೇಷ ಮುಗಿದ ಮೇಲೆ ಸಾಲಿನ ಉದ್ದಕ್ಕೂ ನಡೆದು ನೋಡಿದೆ. ದಾರಿಯ ಮೇಲೆ ಎಲ್ಲೂ ತಗ್ಗಿಲ್ಲ. ಮೂರನೆಯ ಅಡ್ಡಗೋಡೆಯ ಮೇಲ್ಬದಿಯಲ್ಲಿ ಮಾತ್ರ ಮಣ್ಣು ಅಂಗೈಯಗಲ ತೇವವಾಗಿ ಜಿನುಗುತ್ತಿದೆ. ನೀರು ತಿಳಿಯಾಗಿದೆ, ಮಣ್ಣು ಕಲಸಿ ಬರುತ್ತಿಲ್ಲ. ಅಡ್ಡಗೋಡೆ ತಡೆದ ಬಸಿನೀರೋ, ತೇಲಿ ಕಳಚಿದ್ದ ಆ ಕೂಡಿಕೆಯ ಸೋರಿಕೆಯೋ ಮೇಲಿನಿಂದ ಹೇಳಲಾಗದು. ಅಲ್ಲಿ ಒಂದು ಗೂಟ ಹೊಡೆದಿದ್ದೇನೆ. ದೀಪಾವಳಿ ಕಳೆದು ನೆಲ ಆರಿದ ಮೇಲೆ ತಟ್ಟೆಯನ್ನು ಇನ್ನೊಮ್ಮೆ ಎಳೆದು, ಪೈಪಿಗೆ ಕೆಳಗಿನಿಂದ ಮುಚ್ಚಳ ಬಿಗಿದು ನೀರು ತುಂಬಿಸಿ, ರಾತ್ರಿಯಿಡೀ ಮಟ್ಟ ಇಳಿಯುತ್ತದೆಯೇ ಎಂದು ನೋಡುವುದಿದೆ. ಮೇಸ್ತ್ರಿಗಳಿಗೆ ಈಗಲೇ ಹೇಳಿಟ್ಟಿದ್ದೇನೆ.